ನರ್ಸಮ್ಮನ ಸೀಟು

ಆ ಸೈಕಲ್ಲು ಕೊಪ್ಪಕ್ಕೆ ಬಂದದ್ದು ಸಾವಿರದ ಒಂಬೈನೂರ ನಲವತ್ಮೂರನೇ ಇಸವಿಯಲ್ಲಿ, ಬಸ್ಸಿನ ತಲೆಯ ಮೇಲೆ, ಎರಡು ಬಾಳೆಗೊನೆಗಳ ನಡುವೆ ಮಲಗಿಕೊಂಡು. ಯುದ್ಧದ ದಿನಗಳು. ಪೆಟ್ರೋಲು ಸಿಗದೆ ಬಸ್ಸುಗಳೆಲ್ಲ ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಏದುಸಿರು ಬಿಡುತ್ತ ಓಡಾಡುತ್ತಿದ್ದವು. ಏರು ಬಂದರೆ ನಾವೇ ಇಳಿದು ತಳ್ಳಬೇಕಿತ್ತು. ಮಂಡ್ಯದಲ್ಲಿದ್ದ ಯಾರೋ ದೊರೆಸಾನಿ ಊರು ಬಿಟ್ಟು ಹೋಗುವಾಗ ತನ್ನ ಸಾಮಾನನ್ನೆಲ್ಲ ಹರಾಜು ಹಾಕಿದಳಂತೆ. ಅದರಲ್ಲಿದ್ದ ಈ ಹೆಂಗಸರ ಸೈಕಲ್ಲನ್ನು ನಮ್ಮ ಮೇಲಿನವರು ಹಿಡಿದು, ‘ಕೊಪ್ಪದ ನರ್ಸಮ್ಮನಿಗೆ’ ಎಂದು ಚೀಟಿ ಕಟ್ಟಿ ಕಳಿಸಿದ್ದರು.

ಆ ನರ್ಸಮ್ಮ ನಾನು, ಯಶೋದಮ್ಮ. ಹೊಳಲಿನ ಒಕ್ಕಲು ಮನೆಯಲ್ಲಿ ಹುಟ್ಟಿ, ಹೆರಿಗೆ ಮಾಡಿಸುವುದನ್ನು ಕಲಿತು, ಕೊಪ್ಪದ ಡಿಸ್ಪೆನ್ಸರಿಗೆ ಬಂದು ಆಗ ನಾಲ್ಕು ವರ್ಷವಾಗಿತ್ತು. ನಮ್ಮ ಯಜಮಾನರು ಪುಟ್ಟಸ್ವಾಮಿ ಅಲ್ಲೇ ಪ್ರೈಮರಿ ಸ್ಕೂಲಿನ ಮೇಷ್ಟ್ರು. ಸುತ್ತಲಿನ ಒಂಬತ್ತು ಹಳ್ಳಿಗಳ ಬಸುರಿ ಬಾಣಂತಿಯರೆಲ್ಲ ನನ್ನ ಪಾಲಿಗೆ. ಯಾರೋ ಓಡಿ ಬಂದು ಕರೆಯುವುದು, ನಾನು ಚೀಲ ಹಿಡಿದು ಅವರ ಹಿಂದೆ ಗದ್ದೆ ಬದುವಿನ ಮೇಲೆ ಓಡುವುದು, ಇದೇ ಆಗಿತ್ತು. ಆ ವರ್ಷ ಯುಗಾದಿಯ ಹಿಂದುಮುಂದು ಬೆಸಗರಹಳ್ಳಿಯಾಚೆಯ ಒಂದು ಮನೆಗೆ ನಾನು ಮುಟ್ಟುವ ಹೊತ್ತಿಗೆ ಮಗು ಉಸಿರು ನಿಲ್ಲಿಸಿ ಅರ್ಧ ಗಂಟೆಯಾಗಿತ್ತು. ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿಕೊಂಡಿತ್ತು, ಅಷ್ಟೇ. ಬಿಡಿಸುವುದಕ್ಕೆ ಎರಡು ಬೆರಳು ಸಾಕಿತ್ತು. ಆ ತಾಯಿ ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಹಾಗಾಗಿ ಸೈಕಲ್ಲು ಬಂದಾಗ ನಾನು ನಾಚಿಕೆ ಗೀಚಿಕೆ ಎಂದು ಕೂರಲಿಲ್ಲ. ಯಜಮಾನರು ಸೀಟಿನ ಹಿಂದೆ ಹಿಡಿದು ಓಡಿದರು, ಅವರ ಹಿಂದೆ ಇಡೀ ಸ್ಕೂಲು ಓಡಿತು. ಎಂಟು ದಿನದಲ್ಲಿ ಎರಡು ಸಲ ತಿಪ್ಪೆಗೆ, ಒಂದು ಸಲ ಕಬ್ಬಿನ ಗದ್ದೆಗೆ ಬಿದ್ದು ಕಲಿತೆ. ಬೀದಿಯ ಗಂಡಸರು, ‘ಮೇಷ್ಟ್ರ ಎಂಡ್ತಿ ಎಂಗ್ ತುಳೀತಾಳೆ ನೋಡ್ಲಾ’ ಎಂದು ಆಡಿಕೊಂಡರು. ಅವರ ಮನೆಗೇ ಹೆರಿಗೆಗೆ ಹೋಗಿ ಬಂದ ಮೇಲೆ ತೆಪ್ಪಗಾದರು. ಎರಡು ವಾರದಲ್ಲಿ ಆರು ಹೆರಿಗೆ, ಆರಕ್ಕೂ ಹೊತ್ತಿಗೆ ಮುಂಚೆ ಹೋದೆ. ನನಗೆ ಆಗ ಎಷ್ಟು ಹೆಮ್ಮೆಯಾಗಿತ್ತೆಂದರೆ, ಸೈಕಲ್ಲಿಗೆ ದಿನಾ ಅರಿಶಿನ ಕುಂಕುಮ ಇಡುತ್ತಿದ್ದೆ.

ಮೂರನೆಯ ವಾರ ಇಳಿದು ನಿಂತರೆ ನಡೆಯಲಾಗಲಿಲ್ಲ.

ಆ ಸೀಟು ಎಂಥದೆಂದು ಹೇಳುತ್ತೇನೆ ಕೇಳಿ. ಕಪ್ಪು ಚರ್ಮದ್ದು, ಮೂಗು ಉದ್ದ, ಹಿಂಭಾಗ ಕಿರಿದು, ನಡುವೆ ದಿಬ್ಬದಂತೆ ಉಬ್ಬಿಕೊಂಡದ್ದು. ಎಲ್ಲಿ ತಾಕಬಾರದೋ ಅಲ್ಲೇ ತಾಕುತ್ತಿತ್ತು. ಕುಂಡಿಯಲ್ಲಿ ಎರಡೂ ಕಡೆ ಗಂಟು ಎದ್ದವು, ಮುಂದುಗಡೆ ಸುಟ್ಟ ಗಾಯದ ಉರಿ. ಉಚ್ಚೆಗೆ ಕೂತರೆ ಪ್ರಾಣ ಹೋಗುತ್ತಿತ್ತು. ಬೇರೆ ಯಾರಾದರೂ ಹೆಂಗಸು ಹೀಗೆಂದು ಬಂದಿದ್ದರೆ ಸೀರೆ ಎತ್ತಿಸಿ ನೋಡಿ ಮದ್ದು ಹಾಕುತ್ತಿದ್ದೆ. ಆದರೆ ಯಜಮಾನರು, ‘ಯಾಕೆ ಇವ್ಳೇ ಕುಂಟ್ತಿದೀಯ?’ ಎಂದು ಕೇಳಿದಾಗ ನನ್ನ ಬಾಯಿಂದ ಹೊರಟ ಮಾತು, ‘ಸೊಂಟ ನೋವು ಕಣ್ರೀ.’

ಯಾಕೆ ಹಾಗೆಂದೆನೋ! ಅವರು ನನ್ನ ಗಂಡ, ಅವರಿಗೆ ಹೇಳಲು ಏನಿತ್ತು? ಆದರೆ ಸೈಕಲ್ಲು ಹತ್ತಿದ ಹೆಂಗಸು ಅಂಥ ಜಾಗ ನೋಯುತ್ತದೆ ಎಂದರೆ ಬೀದಿ ಏನನ್ನಬೇಡ ಎಂಬ ಭಯ. ‘ನಾವು ಏಳಿರ್ಲಿಲ್ವಾ’ ಎಂದು ಹಲ್ಲು ಕಿರಿಯಲು ಎಲ್ಲರೂ ಕಾದಿದ್ದರು. ಸೊಂಟವೆಂದರೆ ಮರ್ಯಾದೆಯ ಜಾಗ. ರಾಗಿ ಕುಯ್ಯುವವರಿಗೂ ನೋಯುತ್ತದೆ, ನೀರು ಹೊರುವವರಿಗೂ ನೋಯುತ್ತದೆ.

ಒಂದು ಸಲ ಸೊಂಟ ಎಂದ ಮೇಲೆ ಊರಿನ ಮದ್ದೆಲ್ಲ ಸೊಂಟಕ್ಕೇ ಬಂತು. ಪಕ್ಕದ ಮನೆಯವಳು ಹರಳೆಣ್ಣೆ ಬಿಸಿ ಮಾಡಿ ತಿಕ್ಕಿದಳು. ಡಾಕ್ಟರು ಘಾಟು ವಾಸನೆಯ ಎಣ್ಣೆಯ ಸೀಸೆ ಕೊಟ್ಟರು. ಯಜಮಾನರಂತೂ, ಕುಲುಕಾಟದಿಂದಲೇ ಸೊಂಟ ಹೋಗಿದೆ ಎಂದು ನಿರ್ಧರಿಸಿ ಬೂರುಗದ ಹತ್ತಿ ತುಂಬಿದ ದಿಂಬನ್ನು ಸೀಟಿಗೆ ಕಟ್ಟಿದರು. ಎಷ್ಟು ಪ್ರೀತಿಯಿಂದ ಕಟ್ಟಿದರೆಂದರೆ, ಬೇಡವೆನ್ನಲು ಮನಸ್ಸಾಗಲಿಲ್ಲ. ಆ ದಿಂಬಿನ ಮೇಲೆ ಕೂತರೆ ಮೊದಲ ಫರ್ಲಾಂಗು ಸ್ವರ್ಗ. ಆಮೇಲೆ ಮೂಳೆಗಳು ಹತ್ತಿಯಲ್ಲಿ ಹೂತುಹೋಗಿ, ದಿಂಬಿನ ನಡುವಿನ ಭಾಗ ಮೇಲೆದ್ದು ಒತ್ತಿ, ಮೊದಲಿಗಿಂತ ಎರಡು ಪಾಲು ನರಕ. ‘ಹೆಂಗಿದೆ?’ ಎಂದು ಕೇಳಿದರೆ, ‘ಮೆತ್ತಗಿದೆ’ ಎನ್ನುತ್ತಿದ್ದೆ. ಅದು ಮಾತ್ರ ಸುಳ್ಳಲ್ಲ.

ಎರಡು ತಿಂಗಳು ಹೀಗೇ ಎಳೆದೆ. ಎರಡು ಹಳ್ಳಿಗೆ ಹೋಗುವುದು ತಪ್ಪಿತು, ಮೂರನೆಯದಕ್ಕೆ ತಡವಾಯಿತು. ಒಂದು ಬೆಳಿಗ್ಗೆ ಡಾಕ್ಟರು ಕರೆದು ಕೂರಿಸಿಕೊಂಡರು. ಅವರು ಮೈಸೂರಿನ ಕಡೆಯ ವಯಸ್ಸಾದ ಮನುಷ್ಯ, ಒಳ್ಳೆಯವರು.

‘ನೋಡಿಯಮ್ಮ, ನಿಮ್ಮ ಸೊಂಟ ಈ ಕೆಲಸಕ್ಕೆ ಆಗೋದಲ್ಲ. ಮುಂದೆ ನಿಮಗೂ ಮಕ್ಕಳುಮರಿ ಆಗಬೇಕು. ನಾನು ಮಂಡ್ಯಕ್ಕೆ ಬರೆದಿದ್ದೇನೆ. ಮುಂದಿನ ಒಂದನೇ ತಾರೀಖಿನಿಂದ ಸೈಕಲ್ಲು ನಿಂಗಯ್ಯನಿಗೆ. ನೀವು ಡಿಸ್ಪೆನ್ಸರಿಯಲ್ಲೇ ಇರಿ. ಹೆರಿಗೆಯವರು ಗಾಡಿ ಕಟ್ಟಿಕೊಂಡು ಬರಲಿ’ ಎಂದರು.

ನಿಂಗಯ್ಯ ಎಂದರೆ ಮೈಲಿ ಬೇನೆ ಬಾರದಂತೆ ಊರೂರು ತಿರುಗಿ ದಾಕು ಚುಚ್ಚುವವನು. ಅವನ ಮೇಲೆ ನನಗೆ ಕೋಪವಿಲ್ಲ, ಅವನೂ ನಡೆದೇ ಸಾಯುತ್ತಿದ್ದ. ಆದರೆ ಹೆರುವ ಹೆಂಗಸು ಗಾಡಿ ಕಟ್ಟಿಕೊಂಡು ಬರಬೇಕಂತೆ! ಎತ್ತು ಉಳುಮೆಗೆ ಹೋಗಿರುತ್ತದೆ, ಗಂಡ ಸಂತೆಗೆ ಹೋಗಿರುತ್ತಾನೆ, ಅತ್ತೆ ಇನ್ನೂ ಹೊತ್ತಿದೆ ಎನ್ನುತ್ತಿರುತ್ತಾಳೆ. ಅಷ್ಟರಲ್ಲಿ ಹೊಕ್ಕುಳಬಳ್ಳಿ ಬಿಗಿಯುವ ಕೆಲಸ ಮುಗಿಸಿರುತ್ತದೆ. ಡಾಕ್ಟರ ಮುಂದೆ ತಲೆಯಾಡಿಸಿ ಹೊರಗೆ ಬಂದು, ಔಷಧದ ಕೋಣೆಯ ಬಾಗಿಲು ಹಾಕಿಕೊಂಡು ಅತ್ತೆ. ಒಂದನೇ ತಾರೀಖಿಗೆ ಇಪ್ಪತ್ತಮೂರು ದಿನವಿತ್ತು.

ಮಾರನೆಯ ದಿನ ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಮದ್ದೂರಿಗೆ ಹೋದೆ. ಸ್ಟೇಷನ್ ರಸ್ತೆಯಲ್ಲಿ ಶಿವಯ್ಯ ಎಂಬುವನ ಸೈಕಲ್ ಶಾಪು. ಬೇರೆ ಸೀಟು ಕೊಡಪ್ಪ ಎಂದರೆ ಅವನು ನನ್ನ ಮುಖವನ್ನೂ ನೋಡದೆ, ‘ಯುದ್ಧ ನಡೀತಾ ಅದೆ, ಒಸಾ ಸೀಟು ಎಲ್ಲಿಂದ ತರ್ಲಮ್ಮ? ಎಲ್ಲಾ ಸೀಟೂ ಒಂದೇಯ. ಕೂತ್ಕಂಡು ಪಳಗ್ಬೇಕು ಅಷ್ಟೆ’ ಎಂದ. ನನಗೆ ರೇಗಿತು. ‘ಕೊಪ್ಪದ ನರ್ಸಮ್ಮ ನಾನು. ಎರಡು ತಿಂಗಳು ಪಳಗಿದೀನಿ, ನೀನು ಒಂದಿನ ಕೂತು ನೋಡು’ ಎಂದು ಜೋರಾಗಿಯೇ ಅಂದುಬಿಟ್ಟೆ.

ಎದುರುಗಡೆ ಜಟಕಾ ಕುದುರೆಗಳ ಸಜ್ಜು ಹೊಲಿಯುವ ಅಂಗಡಿಯಿತ್ತು. ಜೀನು, ಕಡಿವಾಣ, ಪಟ್ಟಿ ಎಲ್ಲ ನೇತುಹಾಕಿಕೊಂಡು ಮುದುಕರೊಬ್ಬರು ದಬ್ಬಳದಲ್ಲಿ ಚರ್ಮ ಹೊಲಿಯುತ್ತ ಕೂತಿದ್ದರು. ಶಫೀವುಲ್ಲಾ ಸಾಬರು ಎಂದು ಆಮೇಲೆ ತಿಳಿಯಿತು. ನನ್ನ ದನಿ ಕೇಳಿ ಎದ್ದು ಬಂದು, ಸೀಟಿನ ಮೇಲೆ ಕಟ್ಟಿದ್ದ ದಿಂಬನ್ನು ಬಿಚ್ಚಿ ಪಕ್ಕಕ್ಕಿಟ್ಟು, ಚರ್ಮದ ಮೇಲೆ ಹೆಬ್ಬೆರಳು ಆಡಿಸಿದರು.

‘ಇದು ನಿಮ್ದಲ್ಲ ಕಣಮ್ಮ’ ಎಂದರು. ‘ಇದ್ರ ಮ್ಯಾಲೆ ಬ್ಯಾರೆ ಯಾರೋ ಎಂಟತ್ತು ವರ್ಸ ಕೂತವ್ರೆ. ಚರ್ಮ ಅವ್ರ ಮೈಗೆ ಬಗ್ಗಿಬುಟ್ಟದೆ. ಇನ್ನೊಬ್ರಿಗೆ ಇದು ಆಗಾಕಿಲ್ಲ.’

ಎರಡು ತಿಂಗಳಿಂದ ಎಲ್ಲರೂ ನನ್ನ ಮೈಯಲ್ಲಿ ತಪ್ಪು ಹುಡುಕುತ್ತಿದ್ದರು. ಸೀಟಿನಲ್ಲಿ ತಪ್ಪಿದೆ ಎಂದ ಮೊದಲನೆಯ ಮನುಷ್ಯ ಇವರು. ಕಾಲಿಗೆ ಬೀಳಬೇಕು ಎನ್ನಿಸಿತು.

‘ಎಲ್ಲಿ ನೋಯ್ತದೆ?’ ಎಂದು ಕೇಳಿದರು.

‘ಸೊಂಟ’ ಎಂದೆ.

ಸಾಬರು ನಾನು ಕಾಲು ಅಗಲಿಸಿ ನಿಂತಿದ್ದನ್ನು ಒಂದು ಗಳಿಗೆ ನೋಡಿ, ತಕ್ಷಣ ಕಣ್ಣು ಬೇರೆ ಕಡೆ ಹೊರಳಿಸಿದರು. ಬೀದಿಯನ್ನು ನೋಡುತ್ತ ಹೇಳಿದರು: ‘ಒಂದು ಕುದ್ರೆ ಅದೆ ಅಂತ ತಿಳ್ಕಳಿ. ಜೀನು ಸರಿಯಾಗ್ದೆ ಬೆನ್ನು ಹುಣ್ಣಾಗ್ಯದೆ. ಕುದ್ರೆ ಬಾಯಿ ಬುಟ್ಟು ಹೇಳಾಕಿಲ್ಲ. ಆದ್ರೆ ಹುಣ್ಣು ಎಲ್ಲದೆ ಅಂತ ಗೊತ್ತಾಗ್ದೆ ನಾನು ಜೀನು ಮಾಡಾಕಾಗಾಕಿಲ್ಲ. ನಮ್ಮನೆಯವ್ರು ಒಳಗವ್ರೆ. ಕುದ್ರೆ ಯವಾರ ಅವ್ರತ್ರ ಹೇಳಿ.’

ಅಂಗಡಿಯ ಹಿಂದೆಯೇ ಮನೆ. ಪರದೆ ಸರಿಸಿ ಒಳಗೆ ಹೋದರೆ ಮಹಬೂಬ್ ಬೀ ಎಲೆ ಅಡಿಕೆ ಹಾಕಿಕೊಂಡು ಗೋಧಿ ಆರಿಸುತ್ತಿದ್ದರು. ದಪ್ಪನೆಯ, ನಗುಮುಖದ ಹೆಂಗಸು. ಗಂಡ ಪರದೆಯಾಚೆಯಿಂದ ಉರ್ದುವಿನಲ್ಲಿ ಎರಡು ಮಾತು ಹೇಳಿದರು. ಆಕೆ ಮೊರ ಕೆಳಗಿಟ್ಟರು.

‘ಎಲ್ಲಿ ನೋವು?’

‘ಸೊಂಟ.’

‘ಸುಳ್ಳು ಹೇಳ್ಬ್ಯಾಡ. ತೋರ್ಸು.’

ನಾನು ಸೆರಗು ಹಿಡಿದು ನಿಂತೇ ಇದ್ದೆ. ಆಕೆ ಬಾಗಿಲ ಅಗಳಿ ಹಾಕಿ ಬಂದು ನನ್ನ ಕೆನ್ನೆ ಹಿಡಿದರು. ‘ಊರ್ ಹೆಂಗಸ್ರದೆಲ್ಲಾ ನೀನು ನೋಡ್ತೀಯ. ನಿಂದು ನೋಡಾಕೆ ಯಾರೂ ಇಲ್ವಾ ಬೇಟಿ?’

ಆ ಒಂದು ಮಾತಿಗೆ ನನಗೆ ಅಳು ಬಂತು. ತೋರಿಸಿದೆ. ಆಕೆ ‘ಯಾ ಅಲ್ಲಾ’ ಎಂದು ತಲೆ ಚಚ್ಚಿಕೊಂಡು, ಬಿಸಿನೀರಲ್ಲಿ ತೊಳೆದು, ತುಪ್ಪಕ್ಕೆ ಅರಿಶಿನ ಕಲಸಿ ಹಚ್ಚಿದರು. ನಾನೂ ಎಷ್ಟೋ ಜನಕ್ಕೆ ಹಚ್ಚಿದ ಮದ್ದೇ ಅದು. ಇನ್ನೊಬ್ಬರ ಕೈಯಿಂದ ಹಚ್ಚಿಸಿಕೊಂಡರೆ ಅದರ ತಂಪೇ ಬೇರೆ.

ಕುದುರೆಗೆ ಹೊಸ ಜೀನು ಮಾಡುವ ಮುಂಚೆ ಅದರ ಬೆನ್ನಿಗೆ ಹದವಾದ ಜೇಡಿಮಣ್ಣು ಒತ್ತಿ ಅಚ್ಚು ತೆಗೆಯುವುದು ಸಾಬರ ಪದ್ಧತಿ. ನನಗೂ ಅದನ್ನೇ ಮಾಡಿದರು. ಮಹಬೂಬ್ ಬೀ ಹಲಗೆಯ ಮೇಲೆ ಮೂರು ಬೆರಳು ದಪ್ಪ ಮಣ್ಣು ತಟ್ಟಿ, ಒದ್ದೆ ಬಟ್ಟೆ ಹಾಸಿ, ಕೂತ್ಕೋ ಎಂದರು. ಚಕ್ಕಂಬಕ್ಕಲ ಹಾಕಿಕೊಂಡು ನೆಟ್ಟಗೆ ಕೂತೆ. ಎದ್ದರೆ ಮಣ್ಣಿನಲ್ಲಿ ಎರಡು ಬಟ್ಟಲಿನಂಥ ಗುಂಡಿಗಳು ಬಿದ್ದಿದ್ದವು. ಹಲಗೆಯ ಮೇಲೆ ಇನ್ನೊಂದು ಬಟ್ಟೆ ಮುಚ್ಚಿ, ದೇವರ ಪ್ರಸಾದ ಕಳಿಸುವ ಭಕ್ತಿಯಿಂದ ಪರದೆಯಾಚೆ ದಾಟಿಸಿದರು. ಸ್ವಲ್ಪ ಹೊತ್ತಿಗೆ ಆಚೆಯಿಂದ ದನಿ ಬಂತು: ‘ಕುದ್ರೆ ಮೂಳೆ ಇಷ್ಟು ಅಗ್ಲ ಅದಾ?’ ಮಹಬೂಬ್ ಬೀ ಬಾಯಿಗೆ ಸೆರಗು ತುರುಕಿಕೊಂಡು ನಕ್ಕರು. ನಾನೂ ನಕ್ಕೆ. ಎರಡು ತಿಂಗಳಲ್ಲಿ ಮೊದಲ ಸಲ.

ಒಳ್ಳೆಯ ಎಮ್ಮೆ ಚರ್ಮವೆಲ್ಲ ಸಿಪಾಯಿಗಳ ಬೂಟಿಗೆ ಹೋಗುತ್ತಿದ್ದ ಕಾಲ. ಸಾಬರು ಮಳವಳ್ಳಿಯಲ್ಲಿದ್ದ ಅಳಿಯ ಜಲಾಲನಿಗೆ ಹೇಳಿಕಳಿಸಿ ಒಂದು ತುಂಡು ತರಿಸಿದರು. ಸೀಟು ಕೈಗೆ ಸಿಗುವ ಹೊತ್ತಿಗೆ ಹನ್ನೆರಡು ದಿನ ಹೋಗಿತ್ತು. ಹಳೆಯ ಸೀಟಿನ ಕಬ್ಬಿಣವನ್ನೂ ಸ್ಪ್ರಿಂಗನ್ನೂ ಇಟ್ಟುಕೊಂಡು ಮೇಲಿನದನ್ನೆಲ್ಲ ಹೊಸದಾಗಿ ಮಾಡಿದ್ದರು. ನಡುವೆ ಉದ್ದಕ್ಕೆ ಒಂದು ಸೀಳು. ‘ಕುದ್ರೆ ಬೆನ್ನೆಲುಬಿಗೆ ಜೀನು ತಾಕ್ಬಾರ್ದು. ಆ ಕಡೆ ಈ ಕಡೆ ಭಾರ ನಿಲ್ಬೇಕು, ನಡುವೆ ಗಾಳಿ ಆಡ್ಬೇಕು’ ಎಂದು ವಿವರಿಸಿದರು. ನಾನು ಹತ್ತಿ ಕೂತೆ. ಎಲ್ಲಿಯೂ ನೋವಿಲ್ಲ! ಖುಷಿಯಲ್ಲಿ ಕೈಮುಗಿದು ತುಳಿದುಕೊಂಡು ಹೊರಟೆ.

ಬೆಸಗರಹಳ್ಳಿ ಮುಟ್ಟುವ ಹೊತ್ತಿಗೆ ಎರಡು ತೊಡೆಯ ಒಳಭಾಗವೂ ಸುಲಿದುಹೋಗಿತ್ತು. ಸೀಟು ಅಷ್ಟು ಅಗಲ. ಕೂರಲು ಸುಖ, ತುಳಿಯಲು ಆಗದು. ಉಳಿದ ದಾರಿಯನ್ನು ಸೈಕಲ್ಲು ತಳ್ಳಿಕೊಂಡು, ಬಾಯಿಗೆ ಬಂದದ್ದನ್ನೆಲ್ಲ ಬೈದುಕೊಂಡು ನಡೆದೆ.

ಮತ್ತೆ ಮದ್ದೂರಿಗೆ ಹೋಗಲು ಮೂರು ದಿನ ಬಿಡುವಾಗಲಿಲ್ಲ. ಹೋದವಳೇ ಅಂಗಡಿಯ ಮುಂದೆ ನಿಂತು, ‘ಸಾಬ್ರೇ, ಇದು ಸೀಟಾ, ಮೊರಾನಾ?’ ಎಂದು ಕೇಳಿದೆ. ಸಾಬರ ಮುಖ ಸಪ್ಪಗಾಯಿತು. ಒಣಗಿದ ಅಚ್ಚನ್ನು ತಂದು ಸೀಟಿನ ಮೇಲಿಟ್ಟು ಅಳೆದರು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ‘ಅಚ್ಚು ಸುಳ್ಳು ಹೇಳಾಕಿಲ್ಲ ಕಣಮ್ಮ. ನಲವತ್ತು ವರ್ಸದ ಕೆಲ್ಸ ನಂದು’ ಎಂದರು. ನನಗೆ ಪಾಪ ಎನ್ನಿಸಿತು, ಕೋಪವೂ ಇಳಿಯಲಿಲ್ಲ. ಒಳಗೆ ಹೋಗಿ ಮಹಬೂಬ್ ಬೀ ಪಕ್ಕ ದೊಪ್ಪನೆ ಕೂತೆ. ಕೂತಾಗ ನನ್ನ ಕಾಲು ತಾನಾಗಿಯೇ ಮಡಿಚಿಕೊಂಡಿತು.

ಅಲ್ಲೇ ಹೊಳೆಯಿತು. ನಾನು ಸೂಲಗಿತ್ತಿ ಕೆಲಸ ಕಲಿಯುವಾಗ ನಮಗೆ ಸೊಂಟದ ಎಲುಬುಗೂಡನ್ನು ಮೇಜಿನ ಮೇಲಿಟ್ಟು ಪಾಠ ಮಾಡಿದ್ದರು. ಮಂಡಿ ಅಗಲಿಸಿದರೆ ಕೂರುವ ಭಾಗವೆಲ್ಲ ಅಗಲವಾಗಿ ಹರಡುತ್ತದೆ. ಹೆರುವವಳಿಗೆ ಅದು ಬೇಕು. ಸೈಕಲ್ಲು ತುಳಿಯುವವಳಿಗೆ ಬೇಡ!

‘ಬೂಬಮ್ಮ, ಸೈಕಲ್ ಮೇಲೆ ನಾನು ಚಕ್ಕಂಬಕ್ಕಲ ಹಾಕ್ಕೊಂಡು ಕೂತ್ಕೋತೀನಾ?’ ಎಂದು ಕೂಗಿದೆ.

ಮಹಬೂಬ್ ಬೀ ಕಣ್ಣು ಬಿಟ್ಟರು. ಪರದೆಯಾಚೆ ದಬ್ಬಳದ ಸದ್ದು ನಿಂತಿತು. ನಮ್ಮ ಮೂವರಲ್ಲಿ ಯಾರ ಮನೆಯಲ್ಲೂ ಒಂದು ಕುರ್ಚಿ ಇರಲಿಲ್ಲ. ಊಟಕ್ಕೂ ನೆಲ, ಹರಟೆಗೂ ನೆಲ. ಕೂತ್ಕೋ ಎಂದರೆ ಕಾಲು ಮಡಿಚುವುದು ಬಿಟ್ಟು ನಮಗೆ ಬೇರೆ ಗೊತ್ತೇ ಇಲ್ಲ. ಆಮೇಲೆ ಪರದೆಯಾಚೆಯಿಂದ ಸಾಬರು ಮೆಲ್ಲಗೆ ಹೇಳಿದರು: ‘ಕುದ್ರೇನ ಮಲಗ್ಸಿ ಅಳತೆ ತಗಂಡಂಗಾಯ್ತಲ್ಲ ನಮ್ ಕತೆ.’

ಜೀನು ಹೊಲಿಯುವಾಗ ಏರಿಸಿಡಲು ಸಾಬರ ಬಳಿ ನಾಲ್ಕು ಕಾಲಿನ ಮರದ ದಿಮ್ಮಿಯೊಂದಿತ್ತು. ಅದನ್ನು ಒಳಗೆ ತಳ್ಳಿ ತಾವು ಹೊರಗೆ ಹೋದರು. ಮಹಬೂಬ್ ಬೀ ಅದರ ಬೆನ್ನಿಗೆ ಮಣ್ಣು ಮೆತ್ತಿದರು. ನಾನು ಹತ್ತಿ, ಕಾಲು ಇಳಿಬಿಟ್ಟು, ಮುಂದಕ್ಕೆ ಬಾಗಿ, ಹ್ಯಾಂಡಲ್ಲಿನ ಬದಲು ಆಕೆಯ ಎರಡು ಕೈ ಹಿಡಿದು ಕೂತೆ. ‘ತುಳಿ, ತುಳಿ’ ಎಂದು ಆಕೆ ಹುರುಪಿನಿಂದ ಕೂಗಿದರು. ಗಾಳಿಯಲ್ಲೇ ತುಳಿದೆ. ನಮ್ಮಿಬ್ಬರ ನಗುವಿಗೆ ಜಟಕಾ ಕುದುರೆಯೊಂದು ಹೊರಗೆ ಕೆನೆಯಿತು.

ಈ ಸಲದ ಅಚ್ಚಿನಲ್ಲಿ ಗುಂಡಿಗಳು ಮೊದಲಿಗಿಂತ ಒಂದು ಹೆಬ್ಬೆರಳಿನಷ್ಟು ಹತ್ತಿರವಿದ್ದವು. ತಿಂಗಳ ಕೊನೆಯ ದಿನ ಸೀಟು ಸಿದ್ಧವಾಯಿತು. ಹಿಂಭಾಗ ಹದವಾದ ಅಗಲ, ಮೂಗು ಮೊಂಡು, ನಡುವೆ ಸೀಳು. ಕೈಯಿಂದ ಒತ್ತಿದರೆ ಒಂದಿಷ್ಟೂ ಬಗ್ಗದು. ‘ಕುದ್ರೆಗೆ ಹೇಳಿ, ಗಟ್ಟಿ ಅನ್ನಿಸ್ತದೆ ಅಂತ ಎದರ್ಬ್ಯಾಡಿ’ ಎಂದರು ಸಾಬರು. ‘ಮೂಳೆ ಮ್ಯಾಲೆ ಕೂತ್ರೆ ಮಾಂಸಕ್ಕೆ ನೋವಿಲ್ಲ. ದಿಂಬು ಮಾತ್ರ ಕಟ್ಬ್ಯಾಡಿ.’ ಕೂಲಿ ಕೊಟ್ಟು, ಮಹಬೂಬ್ ಬೀ ಅವರನ್ನು ತಬ್ಬಿಕೊಂಡು ಹೊರಟೆ.

ಬೆಸಗರಹಳ್ಳಿ ಬಂತು. ನಿಲ್ಲಲಿಲ್ಲ. ನಾಟಿಯಾದ ಗದ್ದೆಗಳ ಮೇಲೆ ಗಾಳಿ ಬೀಸುತ್ತಿತ್ತು. ಯಾವಾಗ ನೋವು ಶುರುವಾಗುತ್ತದೆ ಎಂದು ಕಾದೆ. ಆಗಲೇ ಇಲ್ಲ. ಕೊಪ್ಪದ ಕೆರೆ ಏರಿ ಕಂಡಾಗ, ನನಗೆ ಮೈಯೊಂದು ಇದೆ ಎನ್ನುವುದೇ ದಾರಿಯಲ್ಲಿ ಮರೆತುಹೋಗಿತ್ತು ಎಂದು ತಿಳಿಯಿತು. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ. ಇದನ್ನು ಯಜಮಾನರಿಗೆ ಹೇಳಿಲ್ಲ.

ಮಾರನೆಯ ಬೆಳಿಗ್ಗೆ ಸೈಕಲ್ಲು ಹತ್ತಿಯೇ ಡಿಸ್ಪೆನ್ಸರಿಗೆ ಹೋದೆ. ಇವತ್ತು ಏನಾಗುತ್ತದೋ ನೋಡೋಣವೆಂದು ಯಜಮಾನರೂ ಸ್ಕೂಲಿಗೆ ಮುಂಚೆ ಬಂದರು. ಜಗಲಿಯ ಮೇಲೆ ಹದಿನೈದಿಪ್ಪತ್ತು ಜನ ಸಾಲಾಗಿ ಕೂತಿದ್ದರು, ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ಕಂಕುಳಲ್ಲಿ ಮಗುವಿದ್ದ ಒಬ್ಬಳು ಮಾತ್ರ ಕಂಬಕ್ಕೆ ಒರಗಿ ನಿಂತಿದ್ದಳು. ನಿಂಗಯ್ಯ ಆಗಲೇ ತನ್ನ ದಾಕಿನ ಪೆಟ್ಟಿಗೆಯೊಂದಿಗೆ ಸಿದ್ಧನಾಗಿದ್ದ. ನಾನು ಇಳಿಯುತ್ತಿದ್ದಂತೆ ಪೆಟ್ಟಿಗೆಯನ್ನು ಹಿಂದಿನ ಕ್ಯಾರಿಯರಿಗೆ ಕಟ್ಟತೊಡಗಿದ.

ಡಾಕ್ಟರು ಹೊರಗೆ ಬಂದರು. ‘ಸ್ವಾಮಿ, ಸೈಕಲ್ಲು ನನ್ನ ಹತ್ರಾನೇ ಇರ್ಲಿ. ಸೀಟು ಬದಲಾಯಿಸಿದೀನಿ, ಈಗ ನೋವಿಲ್ಲ’ ಎಂದೆ.

‘ಸೀಟು ಬದಲಾಯಿಸಿದರೆ ಸೊಂಟ ಗಟ್ಟಿಯಾಗುತ್ತದೇನಮ್ಮ?’ ಎಂದು ಅವರು ಮೃದುವಾಗಿ ಕೇಳಿದರು. ‘ನಾಲ್ಕು ದಿನ ಚೆನ್ನಾಗಿರುತ್ತೆ, ಐದನೇ ದಿನ ಯಾವುದೋ ಹಳ್ಳಿಯಲ್ಲಿ ಬಿದ್ದುಕೊಂಡರೆ? ಸೊಂಟದ ಬೇನೆ ಅಂತ ನಾನೇ ಕೈಯಾರೆ ಬರೆದು ಕಳಿಸಿದ್ದೇನೆ. ಅದು ಬದಲಾಗೋದಿಲ್ಲ. ನಿಂಗಯ್ಯ, ಹೊರಡಪ್ಪ.’

ನಿಂಗಯ್ಯ ಹ್ಯಾಂಡಲ್ ಹಿಡಿದ. ಸೀಟನ್ನೇನೋ ಗೆದ್ದು ತಂದಿದ್ದೆ. ಆದರೆ ನಾನೇ ಹೇಳಿದ ಸುಳ್ಳು ಬಾಗಿಲಿಗೆ ಅಡ್ಡ ನಿಂತಿತ್ತು. ಅದನ್ನು ಸರಿಸಲು ಒಂದೇ ಮಾತು ಬೇಕು. ಒಳಗೆ ಕರೆದು ಗುಟ್ಟಾಗಿ ಹೇಳೋಣವೆಂದರೆ ನಿಂಗಯ್ಯ ಆಗಲೇ ಸೈಕಲ್ಲು ತಿರುಗಿಸಿದ್ದ. ಜಗಲಿಯ ಗಂಡಸರೆಲ್ಲ ನನ್ನನ್ನೇ ನೋಡುತ್ತಿದ್ದರು. ನನ್ನ ಕಿವಿಯೆಲ್ಲ ಬಿಸಿಯಾಯಿತು.

‘ಸ್ವಾಮಿ, ನನಗೆ ಸೊಂಟ ನೋವು ಇರ್ಲೇ ಇಲ್ಲ’ ಎಂದೆ. ದನಿ ನಾನು ಅಂದುಕೊಂಡದ್ದಕ್ಕಿಂತ ದೊಡ್ಡದಾಗಿಯೇ ಬಂತು. ‘ನಾಚ್ಕೊಂಡು ಸುಳ್ಳು ಹೇಳ್ದೆ. ನೋವಿದ್ದದ್ದು ಕುಂಡೀಲಿ. ಕುಂಡೀಲಿ, ತೊಡೆ ಸಂದೀಲಿ. ಹುಣ್ಣಾಗಿತ್ತು. ಆ ಸೀಟು ನನ್ನ ಮೈಗೆ ಆಗ್ತಿರ್ಲಿಲ್ಲ. ಈಗಿನದು ಆಗುತ್ತೆ. ನಿನ್ನೆ ಮದ್ದೂರಿಂದ ಒಂದೇ ಉಸಿರಿಗೆ ತುಳ್ಕೊಂಡು ಬಂದಿದೀನಿ. ನನ್ನ ಸೊಂಟ ಕಲ್ಲಿನಂಗಿದೆ.’

ಯಜಮಾನರು ತಲೆಯೆತ್ತಿ ಸೂರಿನ ಹೆಂಚು ನೋಡತೊಡಗಿದರು. ಗಂಡಸರ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಹೆಂಗಸರ ಸಾಲಿನಿಂದ ಒಬ್ಬ ಮುದುಕಿ ತಿರುಗಿ, ‘ಯಾಕ್ಲಾ ನಗೀಯ? ನಿಂಗಿಲ್ವಾ?’ ಎಂದಳು.

ಡಾಕ್ಟರ ಮುಖ ಕೆಂಪಗಾಗಿತ್ತು. ‘ಎರಡು ತಿಂಗಳು ನಾನು ಸೊಂಟಕ್ಕೆ ಎಣ್ಣೆ ಕೊಟ್ಟೆನಲ್ಲಮ್ಮ!’

‘ಮೂರು ಸೀಸೆನೂ ಹಾಗೇ ಇದಾವೆ ಸ್ವಾಮಿ. ವಾಪಸ್ ತಂದ್ಕೊಡ್ತೀನಿ.’

ಅವರು ನನ್ನನ್ನು ದುರುಗುಟ್ಟಿ ನೋಡಿದರು. ಆಮೇಲೆ ಸೈಕಲ್ಲಿನ ಹತ್ತಿರ ಹೋಗಿ ಸೀಟಿನ ಮೇಲೆ ಕೈಯಿಟ್ಟು, ಸೀಳಿನಲ್ಲಿ ಬೆರಳು ಹಾಕಿ, ಬಗ್ಗಿ ಕೆಳಗಿನಿಂದಲೂ ನೋಡಿದರು. ‘ಯಾರು ಮಾಡಿದ್ದು?’ ಎಂದರು. ಹೇಳಿದೆ. ‘ನನಗಿಂತ ಬುದ್ಧಿವಂತ’ ಎಂದು ಗೊಣಗಿ ಒಳಗೆ ನಡೆದರು. ನಡೆಯುತ್ತಲೇ, ‘ನಿಂಗಯ್ಯ, ಪೆಟ್ಟಿಗೆ ಬಿಚ್ಚು. ಮಂಡ್ಯಕ್ಕೆ ಬೇರೆ ಕಾಗದ ಬರೀತೀನಿ’ ಎಂದರು. ನಿಂಗಯ್ಯ ಹಗ್ಗ ಬಿಚ್ಚುತ್ತ, ‘ಅಂಗಾದ್ರೆ ನಂಗೂ ಬ್ಯಾಡ ಬುಡಿ. ನಡ್ಯೋದೇ ವಾಸಿ’ ಎಂದ. ಯಜಮಾನರು ಹತ್ತಿರ ಬಂದು ಪಿಸುಗುಟ್ಟಿದರು: ‘ಮೊದ್ಲೇ ಹೇಳಿದ್ರೆ ನಾನು ಆ ದಿಂಬು ಕಟ್ತಿರ್ಲಿಲ್ವಲ್ಲೇ.’ ಅವರ ಕಣ್ಣಲ್ಲಿ ನೀರಿತ್ತು.

ನಾನು ಸೈಕಲ್ಲನ್ನು ಹಿತ್ತಲಿಗೆ ತಳ್ಳಿಕೊಂಡು ಹೋದೆ. ನಿಲ್ಲಿಸಿ ತಿರುಗಿದರೆ, ಕಂಬಕ್ಕೆ ಒರಗಿದ್ದವಳು ಹಿಂದೆಯೇ ಬಂದು ನಿಂತಿದ್ದಳು. ಇಪ್ಪತ್ತು ತುಂಬದ ಹುಡುಗಿ. ಹೆಸರು ಚಲುವಮ್ಮ, ನಾಲ್ಕು ಮೈಲಿಯಾಚೆಯ ಒಂದು ಸಣ್ಣ ಹಳ್ಳಿಯವಳು, ತಲೆನೋವಿನ ಮಾತ್ರೆಗೆ ಬಂದಿದ್ದಳು.

‘ಅವ್ವಾ, ನಂದು ತಲೆನೋವಲ್ಲ ಕಣವ್ವ’ ಎಂದಳು.

‘ಮತ್ತೆ?’

ಆ ಕಡೆ ಈ ಕಡೆ ನೋಡಿದಳು. ‘ಕೆಳಗೆ’ ಎಂದಳು. ‘ಎರಿಗೆ ಆದಾಗ್ನಿಂದ.’

ಒಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದೆ. ಮನೆಯಲ್ಲೇ ಹೆತ್ತಿದ್ದಳು. ಹರಿದದ್ದಕ್ಕೆ ಯಾರೂ ಹೊಲಿಗೆ ಹಾಕಿರಲಿಲ್ಲ, ಒಳಗೆ ಕೀವು ತುಂಬಿಕೊಂಡಿತ್ತು. ಮಗುವಿಗೆ ಏಳು ತಿಂಗಳು. ಏಳು ತಿಂಗಳಿಂದ ಅವಳು ನೆಟ್ಟಗೆ ಕೂತಿರಲಿಲ್ಲ. ಹಾಲೂಡಿಸುವುದೂ ನಿಂತುಕೊಂಡೇ, ಇಲ್ಲವೆ ಮಗ್ಗುಲಾಗಿ ಮಲಗಿಕೊಂಡು. ‘ಯಾರಿಗೂ ಗೊತ್ತಾಗಲಿಲ್ವೇನೇ?’ ಎಂದು ಕೇಳಿದರೆ ಅವಳು ಹೇಳಿದಳು: ‘ಅತ್ತೆ ಮಾವನ್ ಮುಂದೆ ಕುಂತ್ಕಳಾಕಿಲ್ಲ, ಎಷ್ಟು ಮರ್ವಾದಿ ಸೊಸೆಗೆ ಅಂತ ಊರೆಲ್ಲಾ ಒಗಳ್ತಾರೆ ಕಣವ್ವ.’

ಡಾಕ್ಟರು ಪರದೆಯಾಚೆ ನಿಂತು ಹೇಳಿಕೊಟ್ಟಂತೆ ಕೀವು ತೆಗೆದೆ. ದಿನಾ ತೊಳೆದು ಮದ್ದು ಹಾಕಿದರೆ ಮಾತ್ರ ಮಾಯುವ ಗಾಯ. ಏಳು ತಿಂಗಳ ಗಾಯವಿಟ್ಟುಕೊಂಡು ಅವಳು ದಿನಾ ಎಂಟು ಮೈಲಿ ನಡೆಯುವಂತಿರಲಿಲ್ಲ. ನಾನೇ ಹೋದೆ. ಮಳೆ ಬಂದರೂ ಹೋದೆ, ಎರಡು ಹೆರಿಗೆ ಮುಗಿಸಿ ಬಂದ ದಿನವೂ ಹೋದೆ. ಬಾಣಂತಿ ಹಳಬಳಾದ ಮೇಲೆ ಈ ನರ್ಸಮ್ಮ ಯಾಕೆ ಬರುತ್ತಾಳೆ ಎಂದು ಅವಳ ಅತ್ತೆ ಮೊದಮೊದಲು ಮುಖ ಗಂಟಿಕ್ಕಿದಳು. ವಿಷಯವನ್ನು ನೆಟ್ಟಗೇ ಹೇಳಿದೆ. ಮುದುಕಿ ಎದ್ದು ಹೋಗಿ ನೀರು ಕಾಯಿಸಿ ತಂದಳು. ಆಮೇಲೆ ದಿನಾ ಅವಳೇ ಕಾಯಿಸಿಡುತ್ತಿದ್ದಳು.

ಇಪ್ಪತ್ತೆರಡನೆಯ ದಿನ ನಾನು ಸೈಕಲ್ಲು ಇಳಿದಾಗ ಚಲುವಮ್ಮ ಜಗಲಿಯ ಮೇಲೆ, ಅತ್ತೆಯ ಎದುರಿಗೇ, ಕಾಲು ಚಾಚಿಕೊಂಡು ಕೂತು ಮಗುವಿಗೆ ಹಾಲು ಕೊಡುತ್ತಿದ್ದಳು. ನನ್ನನ್ನು ನೋಡಿ ನಕ್ಕಳು. ಏಳಲಿಲ್ಲ.